ಈ ಕೆಮ್ಮಿನ ಮೂಲ ಎಕ್ಸ್‌-ರೇಯಲ್ಲಿ ಕಾಣುವುದಿಲ್ಲ

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಶ್ವಾಸಕೋಶ ತಜ್ಞರು 2016ರಲ್ಲಿ ‘ಥೊರಾಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ರೋಗಿಯ ವಿವರ ಪ್ರಕಟಿಸಿದರು. ಏಳು ವರ್ಷಗಳ ಒಣಕೆಮ್ಮು, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋದ ಏದುಸಿರು. ಕಾಯಿಲೆಯ ಹೆಸರು 2009ರಲ್ಲೇ ಗೊತ್ತಾಗಿತ್ತು. ಯಾವುದರಿಂದ ಬಂತೆಂಬುದು ಮಾತ್ರ ಗೊತ್ತಾಗಿರಲಿಲ್ಲ. ಅವರು ಸಿಗರೇಟು ಸೇದಿದವರಲ್ಲ, ಪಾರಿವಾಳ ಸಾಕಿದವರಲ್ಲ, ಅವರ ಮನೆಯ ಗೋಡೆಗಳಲ್ಲಿ ಬೂಷ್ಟು ಇರಲಿಲ್ಲ. 2011ರಲ್ಲಿ ಮೂರು ತಿಂಗಳು ಆಸ್ಟ್ರೇಲಿಯಾದಲ್ಲಿದ್ದಾಗ ಕೆಮ್ಮು, ಏದುಸಿರು ಎರಡೂ ಬೇಗನೆ ಇಳಿದವು. ದಿನವೂ ಬ್ಯಾಗ್‌ಪೈಪ್ ಊದುವುದು ಅವರ ಹವ್ಯಾಸ. ಆ ಮೂರು ತಿಂಗಳು ವಾದ್ಯ ಇಂಗ್ಲೆಂಡಿನಲ್ಲೇ ಉಳಿದಿತ್ತು. ಈ ಎರಡು ಸಂಗತಿಗಳನ್ನು ಜೋಡಿಸಿ ನೋಡಿದ ವೈದ್ಯರು 2014ರಲ್ಲಿ ವಾದ್ಯದ ಚೀಲ, ಕೊಳವೆಗಳ ಒಳಗಿಂದ ಮಾದರಿ ತೆಗೆದು ಪರೀಕ್ಷಿಸಿದರು. ತೇವದಲ್ಲಿ ಹಲವು ಜಾತಿಯ ಶಿಲೀಂಧ್ರ ಬೆಳೆದಿತ್ತು. ಅಷ್ಟು ಹೊತ್ತಿಗೆ ಶ್ವಾಸಕೋಶ ಗಟ್ಟಿಯಾಗಿಬಿಟ್ಟಿತ್ತು. ರೋಗಿ ಉಳಿಯಲಿಲ್ಲ.

ಆ ಕಾಯಿಲೆಯ ಹೆಸರು ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್. ವೈದ್ಯರು ಚುಟುಕಾಗಿ ಎಚ್‌ಪಿ ಎನ್ನುತ್ತಾರೆ. ಬೂಷ್ಟಿನ ಬೀಜಕಣ, ಕೆಲವು ಬ್ಯಾಕ್ಟೀರಿಯಾ, ಹಕ್ಕಿಯ ಪುಕ್ಕದ ಪುಡಿ, ಕಾರ್ಖಾನೆಯ ಕೆಲವು ರಾಸಾಯನಿಕಗಳು ಹೀಗೆ ಗಾಳಿಯಲ್ಲಿ ತೇಲುವ ಯಾವುದೋ ಒಂದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಸಿರಾಡಿದವರಲ್ಲಿ ಕೆಲವರ ಶ್ವಾಸಕೋಶ ಅದರ ವಿರುದ್ಧ ತಿರುಗಿಬೀಳುತ್ತದೆ. ಇದು ಅಂಟುರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಬೇಗ ಪತ್ತೆ ಹಚ್ಚಿ ಕಾರಣದಿಂದ ದೂರವಾದರೆ ಪೂರ್ತಿ ಗುಣವಾಗುವ ಸಾಧ್ಯತೆ ಇದೆ. ತಡವಾದರೆ ಶ್ವಾಸಕೋಶ ನಾರುಗಟ್ಟುತ್ತದೆ, ಒಮ್ಮೆ ನಾರುಗಟ್ಟಿದ ಭಾಗ ಮತ್ತೆ ಮೃದುವಾಗುವುದಿಲ್ಲ. ಹೀಗಾಗಿ ಈ ಕಾಯಿಲೆಯಲ್ಲಿ ‘ಏನಾಗಿದೆ’ ಎಂಬ ಪ್ರಶ್ನೆಯಷ್ಟೇ ತೂಕ ‘ಯಾವುದರಿಂದ ಆಯಿತು’ ಎಂಬ ಪ್ರಶ್ನೆಗೂ ಇದೆ. ಎರಡನೆಯದಕ್ಕೆ ಉತ್ತರ ಸಿಗುವುದು ರೋಗಿಯ ದಿನಚರಿಯಲ್ಲಿ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಸಾಮಾನ್ಯವಾಗಿ ಯಾರೂ ಕೇಳದೆ ಬಿಡುವುದೂ ಅದನ್ನೇ.

ಅಲರ್ಜಿ ಎಂದರೆ ನಮಗೆ ನೆನಪಾಗುವುದು ಸೀನು, ಸುರಿಯುವ ಮೂಗು, ಮೈಮೇಲಿನ ದದ್ದು, ಆಸ್ತಮಾದ ಸುಯ್ ಎನ್ನುವ ಉಸಿರು. ಅವೆಲ್ಲ ಐಜಿಇ ಎಂಬ ಪ್ರತಿಕಾಯದ ಕೆಲಸ. ಒಗ್ಗದ್ದು ತಾಗಿದ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳುತ್ತವೆ. ಎಚ್‌ಪಿಯ ದಾರಿ ಬೇರೆ. ಇಲ್ಲಿ ಮುಂದೆ ನಿಲ್ಲುವುದು ಐಜಿಜಿ ಪ್ರತಿಕಾಯ ಮತ್ತು ಟಿ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳು. ತಾಣವೂ ಬೇರೆ. ಆಸ್ತಮಾ ಉಸಿರುಕೊಳವೆಗಳ ಕಾಯಿಲೆಯಾದರೆ ಎಚ್‌ಪಿ ಅವುಗಳ ತುದಿಯ ಗಾಳಿಗೂಡುಗಳ, ಅಂದರೆ ಆಮ್ಲಜನಕ ರಕ್ತಕ್ಕೆ ದಾಟುವ ಜಾಗದ ಕಾಯಿಲೆ. ಅಷ್ಟು ಆಳಕ್ಕೆ ಇಳಿಯಬೇಕಾದರೆ ಕಣದ ಗಾತ್ರ ಐದು ಮೈಕ್ರಾನ್‌ಗಿಂತ ಕಡಿಮೆ ಇರಬೇಕು. ಬರಿಗಣ್ಣಿಗೆ ಕಾಣುವ ಧೂಳು ಅಲ್ಲಿಯವರೆಗೆ ಹೋಗುವುದೇ ಇಲ್ಲ, ಕಾಣದೇ ಇರುವುದು ಹೋಗುತ್ತದೆ. ಚರ್ಮಕ್ಕೆ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆ ಈ ಕಾಯಿಲೆಯನ್ನು ಹಿಡಿಯದೇ ಇರುವುದಕ್ಕೂ, ಆಸ್ತಮಾದ ಇನ್‌ಹೇಲರ್‌ನಿಂದ ಇದು ನಿಲ್ಲದೇ ಇರುವುದಕ್ಕೂ ಕಾರಣ ಈ ವ್ಯತ್ಯಾಸವೇ.

ಕಾಯಿಲೆ ಎರಡು ರೀತಿ ಬರುತ್ತದೆ. ಒಮ್ಮೆಗೆ ಹೆಚ್ಚು ಕಣಗಳು ಒಳಹೊಕ್ಕರೆ ನಾಲ್ಕರಿಂದ ಎಂಟು ಗಂಟೆಯೊಳಗೆ ಚಳಿಜ್ವರ, ಮೈಕೈ ನೋವು, ಕೆಮ್ಮು, ಎದೆ ಬಿಗಿತ. ಬೆಳಿಗ್ಗೆ ಬೂಷ್ಟು ಹಿಡಿದ ಹುಲ್ಲು ಜಾಡಿಸಿದವರಿಗೆ ಸಂಜೆ ಜ್ವರ. ಒಂದೆರಡು ದಿನ ಕೆಲಸಕ್ಕೆ ಹೋಗದಿದ್ದರೆ ತಾನಾಗಿ ಇಳಿಯುತ್ತದೆ. ಬೆಳಗಿನ ಕೆಲಸಕ್ಕೂ ಸಂಜೆಯ ಜ್ವರಕ್ಕೂ ಇಷ್ಟು ಹೊತ್ತಿನ ಅಂತರ ಇರುವುದರಿಂದ ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಇನ್ನೊಂದು ರೀತಿ ಸದ್ದಿಲ್ಲದ್ದು. ದಿನವೂ ಸ್ವಲ್ಪ ಸ್ವಲ್ಪ ಒಳಹೋಗುತ್ತದೆ, ಜ್ವರವಿಲ್ಲ, ನೋವಿಲ್ಲ. ಒಣಕೆಮ್ಮು, ಆಯಾಸ, ತೂಕ ಇಳಿತ, ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಲ್ಲಿ ಈಗ ನಡುವೆ ನಿಲ್ಲಬೇಕಾಗುವುದು. ವಯಸ್ಸಾಯಿತು ಎಂದು ಮನೆಯವರೂ ರೋಗಿಯೂ ಸಮಾಧಾನ ಮಾಡಿಕೊಳ್ಳುತ್ತಾರೆ. ಹೆಚ್ಚು ಹಾನಿ ಮಾಡುವುದು ಈ ಎರಡನೆಯದೇ.

ಒಂದೇ ಕೊಟ್ಟಿಗೆಯಲ್ಲಿ, ಒಂದೇ ಗೋದಾಮಿನಲ್ಲಿ ದುಡಿದವರಲ್ಲಿ ಕೆಲವರಿಗೆ ಮಾತ್ರ ಕಾಯಿಲೆ ಬರುತ್ತದೆ. ಇದಕ್ಕೆ ಹುಟ್ಟಿನಿಂದ ಬಂದ ಗುಣವೂ ಕಾರಣ, ಉಸಿರಾಡಿದ ಪ್ರಮಾಣವೂ ಕಾರಣ. ‘ಅದೇ ಕೆಲಸ ಮಾಡುವ ನನಗೇನೂ ಆಗಿಲ್ಲವಲ್ಲ’ ಎಂದು ಜೊತೆಯವರು ಹೇಳುವುದು ಸಹಜ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಇನ್ನೊಂದು ವಿಚಿತ್ರ ಸಂಗತಿ: ಎಚ್‌ಪಿ ಸಿಗರೇಟು ಸೇದುವವರಿಗಿಂತ ಸೇದದವರಲ್ಲೇ ಹೆಚ್ಚು. ಇದನ್ನು ಯಾರೂ ಧೂಮಪಾನದ ಪರವಾದ ಮಾತಾಗಿ ತೆಗೆದುಕೊಳ್ಳಬಾರದು. ಸೇದುವವರಿಗೆ ಈ ಕಾಯಿಲೆ ಬಂದರೆ ಅದು ಇನ್ನೂ ಕೆಟ್ಟದಾಗಿ ಸಾಗುತ್ತದೆ.

ಕಸುಬಿಗೂ ಉಸಿರಿಗೂ ಇರುವ ನಂಟನ್ನು ಮೊದಲು ಗಟ್ಟಿಯಾಗಿ ಹೇಳಿದವರು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ. 1700ರಲ್ಲಿ ಪ್ರಕಟವಾದ ಅವರ ಪುಸ್ತಕ ಕುಶಲಕರ್ಮಿಗಳ ಕಾಯಿಲೆಗಳನ್ನು ಕಸುಬುವಾರು ವಿವರಿಸುತ್ತದೆ. ಕಾಳು ಜರಡಿ ಹಿಡಿಯುವವರು, ಅಳೆಯುವವರು ಆ ಧೂಳಿನಿಂದ ಕೆಮ್ಮಿ ಸೊರಗುವುದನ್ನು ಅವರು ಗಮನಿಸಿದ್ದರು. ರೋಗಿಯ ಬಳಿ ಕೂತು ಕೇಳಬೇಕಾದ ಪ್ರಶ್ನೆಗಳಿಗೆ ‘ನಿನ್ನ ಕಸುಬು ಏನು’ ಎಂಬ ಒಂದನ್ನು ಸೇರಿಸಿಕೊಳ್ಳಿ ಎಂದು ವೈದ್ಯರಿಗೆ ಹೇಳಿದವರೂ ಅವರೇ. ಮುನ್ನೂರು ವರ್ಷ ದಾಟಿದರೂ ನಮ್ಮ ಕೇಸ್‌ಶೀಟ್‌ಗಳಲ್ಲಿ ಆ ಜಾಗ ಬಹಳ ಸಲ ಖಾಲಿಯೇ ಇರುತ್ತದೆ, ಇಲ್ಲವೇ ‘ಕೂಲಿ’, ‘ಗೃಹಿಣಿ’ ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತದೆ.

1932ರಲ್ಲಿ ಬ್ರಿಟನ್ನಿನ ವೈದ್ಯ ಕ್ಯಾಂಪ್‌ಬೆಲ್ ಹುಲ್ಲಿನ ಕೆಲಸ ಮಾಡಿದ ರೈತರ ಏದುಸಿರನ್ನು ದಾಖಲಿಸಿದರು. ಮುಂದೆ ಆ ಕಾಯಿಲೆ ‘ಫಾರ್ಮರ್ಸ್ ಲಂಗ್’ ಎಂದೇ ಹೆಸರಾಯಿತು. ಹುಲ್ಲಿನಲ್ಲಿ ಏನಿದೆ ಎಂಬುದು ಖಚಿತವಾದದ್ದು 1963ರಲ್ಲಿ, ಲಂಡನ್ನಿನ ಜ್ಯಾಕ್ ಪೆಪಿಸ್ ಮತ್ತು ಸಂಗಡಿಗರ ಕೆಲಸದಿಂದ. ಸರಿಯಾಗಿ ಒಣಗದ ಹುಲ್ಲನ್ನು ಒಟ್ಟಿದರೆ ಒಳಗೆ ಕಾವು ಏರುತ್ತದೆ, 50–60 ಡಿಗ್ರಿವರೆಗೂ ಹೋಗುತ್ತದೆ. ಆ ಬಿಸಿಯಲ್ಲೇ ಸೊಂಪಾಗಿ ಬೆಳೆಯುವ ಥರ್ಮೋಫಿಲಿಕ್ ಆಕ್ಟಿನೊಮೈಸೀಟ್ ಎಂಬ ಬ್ಯಾಕ್ಟೀರಿಯಾಗಳಿವೆ. ಅವುಗಳ ಬೀಜಕಣದ ಗಾತ್ರ ಸುಮಾರು ಒಂದು ಮೈಕ್ರಾನ್, ಗಾಳಿಗೂಡಿನವರೆಗೆ ನೇರವಾಗಿ ಇಳಿಯುವಷ್ಟು ಸಣ್ಣದು. ಮಳೆಗೆ ಸಿಕ್ಕಿದ ಬಣವೆಯನ್ನು ಬಿಚ್ಚುವಾಗ ಒಳಗಿನಿಂದ ಹಬೆಯೂ ಬೂದು ಪುಡಿಯೂ ಏಳುವುದನ್ನು ನಮ್ಮ ರೈತರೂ ನೋಡಿದ್ದಾರೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಕು ಎಂದುಕೊಳ್ಳುತ್ತಾರೆ. ಒಂದು ಮೈಕ್ರಾನಿನ ಕಣಕ್ಕೆ ಟವೆಲ್ ತಡೆಯೇ ಅಲ್ಲ.

ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು ಕಬ್ಬಿನ ಸಿಪ್ಪೆಯ ಕತೆ. ರಸ ಹಿಂಡಿ ಉಳಿದ ಸಿಪ್ಪೆಯಲ್ಲಿ ಅರ್ಧದಷ್ಟು ನೀರು, ಜೊತೆಗೆ ಸ್ವಲ್ಪ ಸಕ್ಕರೆ ಇರುತ್ತದೆ. ಅದನ್ನು ಒಟ್ಟಿ ತಿಂಗಳುಗಟ್ಟಲೆ ಬಿಟ್ಟರೆ ಹುಲ್ಲಿನ ಬಣವೆಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಒಣಗಿದ ಮೇಲೆ ಅದನ್ನು ಕೆದಕುವ, ಬಿಚ್ಚುವ, ಸಾಗಿಸುವ ಕಾರ್ಮಿಕರಿಗೆ ಬರುವ ಕಾಯಿಲೆಗೆ ಬಗಾಸೋಸಿಸ್ ಎಂದು ಹೆಸರು. ವೈದ್ಯಕೀಯ ಸಾಹಿತ್ಯದಲ್ಲಿ ಅದರ ಮೊದಲ ವರದಿ ಬಂದದ್ದು 1941ರಲ್ಲಿ, ಅಮೆರಿಕದ ಲೂಸಿಯಾನಾದಿಂದ. ಕಾರಣವಾದ ಸೂಕ್ಷ್ಮಜೀವಿಗೆ ಆಮೇಲೆ ಸಕ್ಕರೆಯ ಹೆಸರನ್ನೇ ಸೇರಿಸಿ ಥರ್ಮೊಆಕ್ಟಿನೊಮೈಸಿಸ್ ಸಕ್ಕರಿ ಎಂದು ಕರೆದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಆಗ ತಾನೆ ಹಿಂಡಿದ ಹಸಿ ಸಿಪ್ಪೆ ಈ ಕಾಯಿಲೆ ತರುವುದಿಲ್ಲ. ಮಂಡ್ಯದ ಆಲೆಮನೆಗಳಲ್ಲಿ ಸಿಪ್ಪೆಯನ್ನು ಬಿಸಿಲಿಗೆ ಹರಡಿ, ಒಣಗಿದ ಹಾಗೇ ಒಲೆಗೆ ಹಾಕುತ್ತಾರೆ. ಅದು ಬಣವೆಯಾಗಿ ಕೊಳೆಯಲು ಸಮಯವೇ ಸಿಗುವುದಿಲ್ಲ. ಅಪಾಯ ಇರುವುದು ದೊಡ್ಡ ಪ್ರಮಾಣದಲ್ಲಿ, ಬಹುಕಾಲ ಸಂಗ್ರಹಿಸುವ ಕಡೆ: ವಿದ್ಯುತ್ ಉತ್ಪಾದನೆಗೆ, ಕಾಗದಕ್ಕೆ, ಹಲಗೆಗೆ ಸಿಪ್ಪೆ ಕೂಡಿಡುವ ಅಂಗಳಗಳಲ್ಲಿ. ಸಿಪ್ಪೆಯ ತೇವ ಶೇ 20ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಂಡರೆ ಧೂಳು ಏಳುವುದಿಲ್ಲ. ಪ್ರೊಪಿಯಾನಿಕ್ ಆಮ್ಲದ ತೆಳು ದ್ರಾವಣ ಸಿಂಪಡಿಸಿದರೆ ಸೂಕ್ಷ್ಮಜೀವಿ ಬೆಳೆಯುವುದಿಲ್ಲ. ಯಂತ್ರದಿಂದಲೇ ಸಾಗಿಸಿದರೆ ಮನುಷ್ಯ ಅದರ ನಡುವೆ ನಿಲ್ಲಬೇಕಾಗುವುದಿಲ್ಲ. ಇವು ಹಳೆಯ, ಪರೀಕ್ಷಿತ ಉಪಾಯಗಳು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಸಕ್ಕರೆ ಸೀಮೆಯಲ್ಲಿ ಇವನ್ನು ಕಡ್ಡಾಯ ಮಾಡುವುದಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ.

ಕಸುಬಿನ ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ. ಅಣಬೆ ಬೆಳೆಸುವವರು, ಬಿಯರ್‌ಗಾಗಿ ಬಾರ್ಲಿ ಮೊಳಕೆ ಕಟ್ಟುವವರು, ಲೋಹ ಕತ್ತರಿಸುವಾಗ ಯಂತ್ರಕ್ಕೆ ಸುರಿಯುವ ಕೂಲಂಟ್ ದ್ರವದ ತುಂತುರು ಉಸಿರಾಡುವವರು ಎಲ್ಲರಲ್ಲೂ ಎಚ್‌ಪಿ ವರದಿಯಾಗಿದೆ. ಸೋಫಾದ ಫೋಮ್, ಕಾರಿನ ಸ್ಪ್ರೇ ಪೇಂಟ್‌ಗಳಲ್ಲಿ ಬಳಸುವ ಐಸೊಸೈನೇಟ್ ಎಂಬ ರಾಸಾಯನಿಕಗಳು ಆಸ್ತಮಾವನ್ನೂ ತರುತ್ತವೆ, ಕೆಲವರಿಗೆ ಎಚ್‌ಪಿಯನ್ನೂ. ರಾಮನಗರ, ಶಿಡ್ಲಘಟ್ಟದಂತಹ ಕಡೆ ರೇಷ್ಮೆ ನೂಲು ತೆಗೆಯುವವರ ತೊಂದರೆ ಮುಖ್ಯವಾಗಿ ಆಸ್ತಮಾದ ಬಗೆಯದು. ಬೆಂದ ಗೂಡಿನಿಂದ ಏಳುವ ಹಬೆಯಲ್ಲಿ, ಗೂಡಿನ ಪುಡಿಯಲ್ಲಿ ರೇಷ್ಮೆಹುಳುವಿನ ಪ್ರೋಟೀನು ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1980ರ ದಶಕದಲ್ಲೇ ಈ ಘಟಕಗಳ ಕಾರ್ಮಿಕರಲ್ಲಿ ಕಸುಬಿನ ಆಸ್ತಮಾ ಇರುವುದನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದರು. ಹೆಸರು ಬೇರೆಯಾದರೂ ಸುಳಿವು ಎರಡಕ್ಕೂ ಒಂದೇ: ರಜೆಯಲ್ಲಿ ಉಸಿರು ಹಗುರಾಗುತ್ತದೆ, ಕೆಲಸಕ್ಕೆ ಮರಳಿದರೆ ಮತ್ತೆ ಹಿಡಿದುಕೊಳ್ಳುತ್ತದೆ.

ಇಷ್ಟು ಓದಿದವರಿಗೆ ಇದು ಹೊಲ, ಕಾರ್ಖಾನೆಯವರ ಕಾಯಿಲೆ ಎನಿಸಬಹುದು. ಭಾರತದ ಅತಿ ದೊಡ್ಡ ದಾಖಲೆ ಬೇರೆಯದನ್ನು ಹೇಳುತ್ತದೆ. 2012ರಿಂದ 2015ರವರೆಗೆ ದೇಶದ 19 ನಗರಗಳ 27 ಕೇಂದ್ರಗಳಲ್ಲಿ ಶ್ವಾಸಕೋಶದ ಇಂತಹ ಒಳಪದರದ ಕಾಯಿಲೆಗಳಿರುವ 1,084 ರೋಗಿಗಳನ್ನು ನೋಂದಾಯಿಸಲಾಯಿತು. ಜೈಪುರದ ವೈದ್ಯೆ ಶೀತು ಸಿಂಗ್ ಮತ್ತು ಜೊತೆಗಾರರು 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇ 47.3 ಮಂದಿಗೆ ಇದ್ದದ್ದು ಎಚ್‌ಪಿ. ಪಾಶ್ಚಾತ್ಯ ದೇಶಗಳ ಪಟ್ಟಿಗಳಲ್ಲಿ ಇದಕ್ಕೆ ಇಷ್ಟು ದೊಡ್ಡ ಪಾಲು ಇಲ್ಲ. ಎಚ್‌ಪಿ ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ, ಶೇ 48.1, ಒಡ್ಡಿಕೊಂಡಿದ್ದದ್ದು ಏರ್ ಕೂಲರ್‌ಗೆ.

ಕೂಲರ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಮೂರು ಬದಿಗೆ ಹುಲ್ಲಿನಂತಹ ಮರದ ಎಳೆಗಳ ಪ್ಯಾಡ್, ಕೆಲವರ ಮನೆಯಲ್ಲಿ ಲಾವಂಚ. ಕೆಳಗಿನ ತೊಟ್ಟಿಯ ನೀರನ್ನು ಪಂಪು ಮೇಲೆತ್ತಿ ಪ್ಯಾಡಿನ ಮೇಲೆ ಸುರಿಸುತ್ತಲೇ ಇರುತ್ತದೆ. ಫ್ಯಾನು ಹೊರಗಿನ ಬಿಸಿಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಎಳೆದು ಮಲಗಿದವರ ಮುಖಕ್ಕೆ ಬಿಡುತ್ತದೆ. ಮರದ ಎಳೆ, ನಿಂತ ನೀರು, ಬೇಸಿಗೆಯ ಕಾವು ಮೂರೂ ಒಂದೇ ಕಡೆ ಸೇರಿದರೆ ಬೂಷ್ಟಿಗೆ ಬೇರೇನೂ ಬೇಕಿಲ್ಲ. ತೊಟ್ಟಿಯ ಒಳಗೋಡೆಗೆ ಕೈ ತಾಗಿಸಿದರೆ ಲೋಳೆ ಜಾರುತ್ತದೆ. ಮಾರ್ಚ್‌ನಲ್ಲಿ ಹೊದಿಕೆ ತೆಗೆದು ಮೊದಲ ಸಲ ಚಾಲೂ ಮಾಡಿದಾಗ ಒಂದು ಮುಗ್ಗಲು ವಾಸನೆ ಬರುತ್ತದಲ್ಲ, ಅದು ಹೋದ ವರ್ಷದ ಪ್ಯಾಡಿನಲ್ಲಿ ಬೆಳೆದು ಒಣಗಿ ಕೂತಿದ್ದ ಬೂಷ್ಟಿನದು. ಕಲಬುರಗಿ, ರಾಯಚೂರು, ಬೀದರ್, ವಿಜಯಪುರ, ಬಳ್ಳಾರಿಯ ಬಿಸಿಲಲ್ಲಿ ಕೂಲರ್ ಇಲ್ಲದೆ ಬದುಕುವುದು ಕಷ್ಟ, ಎಸಿ ಹಾಕಿಸುವ ಶಕ್ತಿ ಎಲ್ಲರಿಗೂ ಇಲ್ಲ. ಆದ್ದರಿಂದ ಕೂಲರ್ ಬಿಡಿ ಎಂದು ಎಲ್ಲರಿಗೂ ಹೇಳುವುದು ನ್ಯಾಯವಲ್ಲ. ನೀರನ್ನು ಆಗಾಗ ಪೂರ್ತಿ ಬಸಿದು ತೊಟ್ಟಿ ಉಜ್ಜಿ ಒಣಗಿಸಿ, ಪ್ರತಿ ಬೇಸಿಗೆಗೆ ಪ್ಯಾಡ್ ಹೊಸದು ಹಾಕಿ ಎಂದು ಹೇಳಬಹುದು. ಎಚ್‌ಪಿ ಈಗಾಗಲೇ ಬಂದವರಿಗೆ ಮಾತ್ರ ರಿಯಾಯಿತಿ ಇಲ್ಲ, ಅವರು ಕೂಲರ್ ಬಿಡಲೇಬೇಕು.

ಪಾರಿವಾಳದ್ದು ಪೇಟೆಯ ಕತೆ. ಪಾರಿವಾಳ ಸಾಕುವವರ ಶ್ವಾಸಕೋಶದ ಕಾಯಿಲೆ 1965ರಷ್ಟು ಹಿಂದೆಯೇ ಅಮೆರಿಕದಲ್ಲಿ ವರದಿಯಾಗಿತ್ತು. ಪುಕ್ಕದ ಮೇಲೆ ಇರುವ ಸಣ್ಣ ಬಿಳಿ ಪುಡಿಯಲ್ಲಿ, ಒಣಗಿ ಪುಡಿಯಾದ ಹಿಕ್ಕೆಯಲ್ಲಿ ಇರುವ ಪ್ರೋಟೀನುಗಳು ಇದಕ್ಕೆ ಕಾರಣ. ಈಗ ಸಾಕಬೇಕೆಂದೇ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಡಕ್ಟ್‌ಗಳಲ್ಲಿ, ಎಸಿಯ ಹೊರಘಟಕದ ಹಿಂದೆ, ಬಾಲ್ಕನಿಯ ಮೂಲೆಯಲ್ಲಿ ಅವು ತಾವಾಗಿ ಗೂಡು ಮಾಡುತ್ತವೆ. ಬಚ್ಚಲಿನ ಕಿಟಕಿ ಆ ಡಕ್ಟ್‌ಗೇ ತೆರೆದುಕೊಳ್ಳುತ್ತದೆ. ಎಕ್ಸಾಸ್ಟ್ ಫ್ಯಾನ್ ನಿಂತಾಗ ಗಾಳಿ ಒಳಮುಖವಾಗಿ ಬರುತ್ತದೆ. ಹಕ್ಕಿ ಹೊರಗೆ, ನಾವು ಒಳಗೆ ಎಂಬ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ. ಮನೆಯಿಂದ ಹಕ್ಕಿಯನ್ನು ತೆಗೆದು ಒಂದೂವರೆ ವರ್ಷವಾದರೂ ಅದರ ಪ್ರೋಟೀನು ಧೂಳಿನಲ್ಲಿ ಉಳಿದಿರಬಹುದು ಎಂಬುದನ್ನು ಅಧ್ಯಯನಗಳು ತೋರಿಸಿವೆ.

ಮುಂಬೈಯಲ್ಲಿ 2025ರಲ್ಲಿ, ಪಾರಿವಾಳಗಳಿಗೆ ಕಾಳು ಹಾಕುವ ಜಾಗವಾದ ದಾದರ್‌ನ ಕಬೂತರ್‌ಖಾನೆ ಮುಚ್ಚಿದಾಗ ಬೀದಿಯಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು, ವಿಷಯ ಬಾಂಬೆ ಹೈಕೋರ್ಟಿನ ಮುಂದೆ ಬಂತು. ಹಕ್ಕಿಗೆ ಕಾಳು ಹಾಕುವುದು ಹಲವರಿಗೆ ಪುಣ್ಯದ ಕೆಲಸ, ಆ ಭಾವನೆಯನ್ನು ಹಗುರವಾಗಿ ಕಾಣಬಾರದು. ಆದರೆ ಒಂದೇ ಜಾಗದಲ್ಲಿ ನೂರಾರು ಪಾರಿವಾಳ ಸೇರಿಸುವ ಅಭ್ಯಾಸದ ಬೆಲೆ ತೆರುವವರು ಕಾಳು ಹಾಕಿ ಹೊರಟುಹೋಗುವವರಲ್ಲ. ಎದುರು ಮನೆಯಲ್ಲಿ ದಿನವಿಡೀ ಇರುವ ಅಜ್ಜಿ, ಆ ಹಿಕ್ಕೆಯನ್ನು ಕೆರೆದು ಗುಡಿಸುವ ಪೌರಕಾರ್ಮಿಕರು. ನಿಯಂತ್ರಣ ಬೇಕು ಎಂಬುದೇ ನನ್ನ ಅಭಿಪ್ರಾಯ. ಒಣಗಿದ ಹಿಕ್ಕೆಯನ್ನು ನೀರು ಚಿಮುಕಿಸದೆ, ಎನ್‌95 ಮಾಸ್ಕ್ ಇಲ್ಲದೆ ಯಾರಿಂದಲೂ ಗುಡಿಸಿಸಬಾರದು.

ಇನ್ನು ಪತ್ತೆಯ ವಿಚಾರ. ನಮ್ಮಲ್ಲಿ ಈ ಕಾಯಿಲೆ ಮೊದಲು ಪಡೆಯುವ ಹೆಸರು ಬಹಳ ಸಲ ಕ್ಷಯ. ಕೆಮ್ಮು, ಸಂಜೆ ಜ್ವರ, ತೂಕ ಇಳಿತ, ಎಕ್ಸ್‌-ರೇಯಲ್ಲಿ ಎರಡೂ ಕಡೆ ಸಣ್ಣ ಸಣ್ಣ ಚುಕ್ಕೆ. ಕ್ಷಯ ಇಷ್ಟು ವ್ಯಾಪಕವಾಗಿರುವ ದೇಶದಲ್ಲಿ ವೈದ್ಯರು ಅದನ್ನು ಮೊದಲು ಶಂಕಿಸುವುದು ಸರಿಯೇ. ಕಫದಲ್ಲಿ ರೋಗಾಣು ಸಿಗದಿದ್ದರೂ ಆರು ತಿಂಗಳ ಮಾತ್ರೆ ಶುರುವಾಗುವುದು ಸರಿಯಲ್ಲ. ಕ್ಷಯ ಅಲ್ಲವೆಂದಾದರೆ ಆಸ್ತಮಾ, ಅದೂ ಅಲ್ಲವೆಂದಾದರೆ ನ್ಯುಮೋನಿಯಾ. ಇಲ್ಲೊಂದು ಮೋಸಗೊಳಿಸುವ ಸಂಗತಿ ನಡೆಯುತ್ತದೆ. ತೀವ್ರವಾಗಿ ಬಂದ ಎಚ್‌ಪಿ ರೋಗಿಯನ್ನು ಆಸ್ಪತ್ರೆಗೆ ಸೇರಿಸಿದರೆ ಮೂರ್ನಾಲ್ಕು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ, ಏಕೆಂದರೆ ವಾರ್ಡಿನಲ್ಲಿ ಕೂಲರ್ ಇಲ್ಲ, ಪಾರಿವಾಳ ಇಲ್ಲ, ಬಣವೆ ಇಲ್ಲ. ಹೆಸರು ಮಾತ್ರ ಆ್ಯಂಟಿಬಯೋಟಿಕ್‌ಗೆ ಹೋಗುತ್ತದೆ. ಮನೆಗೆ ಮರಳಿದ ವಾರದಲ್ಲಿ ಕೆಮ್ಮು ಮತ್ತೆ ಬಂದಾಗ ‘ಔಷಧಿ ಸಾಲಲಿಲ್ಲ’ ಎಂದು ಇನ್ನೂ ಬಲವಾದದ್ದು ಬರೆಯಲಾಗುತ್ತದೆ. ‘ಆಸ್ಪತ್ರೆಯಲ್ಲಿ ಚೆನ್ನಾಗಿದ್ದೆ, ಮನೆಗೆ ಬಂದಮೇಲೆ ಹೀಗಾಯಿತು’ ಎಂದು ರೋಗಿ ಗೊಣಗುವುದರಲ್ಲೇ ರೋಗನಿರ್ಣಯ ಇರುತ್ತದೆ.

ಕೇಳುವುದಕ್ಕೂ ಒಂದು ರೀತಿ ಇದೆ. ಕಲಬುರಗಿ ಸೀಮೆಯ ಹೆಣ್ಣುಮಗಳೊಬ್ಬರಿಗೆ ‘ಏನ್ ಕೆಲ್ಸ ಮಾಡ್ತೀರಿ ಅಮ್ಮಾ’ ಎಂದಷ್ಟೇ ಕೇಳಿದರೆ ‘ಏನಿಲ್ರೀ, ಮನ್ಯಾಗ ಇರ್ತೀನಿ’ ಎಂಬ ಉತ್ತರ ಬರುತ್ತದೆ. ವೈದ್ಯರು ಅಲ್ಲಿಗೆ ನಿಲ್ಲಿಸಿದರೆ ಮುಗಿಯಿತು. ಮುಂದುವರಿಸಬೇಕು.

‘ಮನ್ಯಾಗ ಕೂಲರ್ ಅದ ಏನು?’

‘ಅದ ರೀ.’

‘ನೀರು ಯಾವಾಗ ಬದಲಿ ಮಾಡ್ತೀರಿ?’

‘ಬದಲಿ ಎಲ್ಲಿ ಮಾಡ್ತೀವ್ರಿ, ಖಾಲಿ ಆದಂಗ ಹಾಕ್ಕೋತ ಹೋಗ್ತೀವಿ.’

ನಾಲ್ಕು ಮಾತಿನಲ್ಲಿ ಒಂದು ದಾರಿ ತೆರೆಯಿತು. ಇದೇ ರೀತಿ ಗೋಡೆಯ ತೇವ, ಮಳೆಗಾಲದಲ್ಲಿ ಸೋರುವ ಮಾಳಿಗೆ, ಪುಕ್ಕ ತುಂಬಿದ ದಿಂಬು, ರಜಾಯಿ, ಸಾಕಿದ ಗಿಳಿ, ಹಳೆಯ ಕೆಲಸ, ಗಂಡ ಕಾರ್ಖಾನೆಯಿಂದ ತರುವ ಬಟ್ಟೆ, ಎಲ್ಲವನ್ನೂ ಕೇಳಬೇಕು. ಊರು ಬಿಟ್ಟಾಗ ಹೇಗಿರುತ್ತದೆ, ತವರಿಗೆ ಹೋದಾಗ ಕೆಮ್ಮು ಕಡಿಮೆಯಾಗುತ್ತದೆಯೇ ಎಂದು ಕೇಳಬೇಕು. ಆದರೆ ಕಾಯಿಲೆ ಹಳತಾಗಿ ನಾರುಗಟ್ಟಿದ್ದರೆ ಊರು ಬಿಟ್ಟರೂ ಸುಧಾರಣೆ ಕಾಣದೇ ಇರಬಹುದು. ಆದ್ದರಿಂದ ಈ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೂ ಹುಡುಕಾಟ ನಿಲ್ಲಬಾರದು.

ಕೇಳಿದ ಮೇಲೆ ಪರೀಕ್ಷೆಗಳು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರೆ ಉಸಿರೆಳೆಯುವಾಗ ವೆಲ್ಕ್ರೊ ಪಟ್ಟಿ ಬಿಚ್ಚಿದಂತಹ ಚರಚರ ಸದ್ದು, ಕೆಲವರಲ್ಲಿ ನಡುವೆ ಒಂದು ಕೀಚಲು ದನಿ. ಉಸಿರಾಟದ ಸಾಮರ್ಥ್ಯ ಅಳೆದರೆ ಶ್ವಾಸಕೋಶ ಹಿಗ್ಗುವುದು ಕಡಿಮೆಯಾಗಿರುತ್ತದೆ, ಅನಿಲ ರಕ್ತಕ್ಕೆ ದಾಟುವ ಪ್ರಮಾಣವೂ ಇಳಿದಿರುತ್ತದೆ. ಎದೆಯ ಎಕ್ಸ್‌-ರೇ ಸಂಪೂರ್ಣ ಸರಿಯಾಗಿ ಕಂಡರೂ ಕಾಯಿಲೆ ಇರಬಹುದು. ಬೇಕಾದದ್ದು ಎಚ್‌ಆರ್‌ಸಿಟಿ ಎಂಬ ಸೂಕ್ಷ್ಮ ಸ್ಕ್ಯಾನ್, ಅದೂ ಉಸಿರೆಳೆದು ಒಮ್ಮೆ, ಉಸಿರು ಬಿಟ್ಟು ಇನ್ನೊಮ್ಮೆ. ಗಾಳಿ ಸಿಕ್ಕಿಹಾಕಿಕೊಂಡ ಕಪ್ಪು ಭಾಗ, ಉರಿಯೂತದ ಮಸುಕು ಭಾಗ, ಸರಿಯಾಗಿರುವ ಭಾಗ ಎಂದು ಮೂರು ಛಾಯೆ ಪಕ್ಕಪಕ್ಕದಲ್ಲಿ ಕಂಡರೆ ಎಚ್‌ಪಿಯ ಅನುಮಾನ ಬಲವಾಗುತ್ತದೆ. ಉಸಿರು ಬಿಟ್ಟು ತೆಗೆದ ಚಿತ್ರ ಇಲ್ಲದಿದ್ದರೆ ಮೊದಲನೆಯದು ತಪ್ಪಿಹೋಗಬಹುದು.

ರಕ್ತದಲ್ಲಿ ಪಾರಿವಾಳ ಅಥವಾ ಬೂಷ್ಟಿನ ವಿರುದ್ಧದ ಐಜಿಜಿ ಪ್ರತಿಕಾಯ ಅಳೆಯಬಹುದು. ಇದನ್ನು ಓದುವಾಗ ಎಚ್ಚರ ಬೇಕು. ಪ್ರತಿಕಾಯ ಇದೆ ಎಂದರೆ ಆ ವಸ್ತು ಒಳಹೋಗಿದೆ ಎಂದಷ್ಟೇ ಅರ್ಥ. ಆರೋಗ್ಯವಾಗಿರುವ ಪಾರಿವಾಳ ಸಾಕಣೆದಾರರಲ್ಲೂ ಹಲವರಿಗೆ ಅದು ಇರುತ್ತದೆ. ಇಲ್ಲ ಎಂದಮಾತ್ರಕ್ಕೆ ಕಾಯಿಲೆಯೂ ಇಲ್ಲವೆಂದಲ್ಲ, ಪರೀಕ್ಷಿಸದ ಬೇರೆ ಬೂಷ್ಟು ಕಾರಣವಿರಬಹುದು. ಬ್ರಾಂಕೊಸ್ಕೋಪಿಯಲ್ಲಿ ಶ್ವಾಸಕೋಶದ ಒಂದು ಭಾಗಕ್ಕೆ ಉಪ್ಪುನೀರು ಬಿಟ್ಟು ಹಿಂದೆಗೆದು ಕಣಗಳನ್ನು ಎಣಿಸುತ್ತಾರೆ. ಲಿಂಫೋಸೈಟ್‌ಗಳು ಶೇ 30 ದಾಟಿದ್ದರೆ ಎಚ್‌ಪಿಯ ಕಡೆ ಒಲವು ಹೆಚ್ಚುತ್ತದೆ. ಆಮೇಲೂ ಅನುಮಾನ ಉಳಿದರೆ ಶ್ವಾಸಕೋಶದ ಚೂರು ತೆಗೆದು ನೋಡುವುದು. ಅಮೆರಿಕ, ಜಪಾನ್, ಲ್ಯಾಟಿನ್ ಅಮೆರಿಕದ ತಜ್ಞ ಸಂಘಗಳು 2020ರಲ್ಲಿ ಕೂಡಿ ಹೊರಡಿಸಿದ ಮಾರ್ಗಸೂಚಿ ಕಾಯಿಲೆಯನ್ನು ನಾರುಗಟ್ಟಿದ್ದು, ನಾರುಗಟ್ಟದ್ದು ಎಂದು ಎರಡಾಗಿ ವಿಂಗಡಿಸುತ್ತದೆ. ಒಡ್ಡಿಕೊಂಡ ವಸ್ತು, ಸ್ಕ್ಯಾನ್, ಕಣಗಳ ಅಥವಾ ಅಂಗಾಂಶದ ಪರೀಕ್ಷೆ ಮೂರನ್ನೂ ಮುಂದಿಟ್ಟುಕೊಂಡು ಶ್ವಾಸಕೋಶ ತಜ್ಞರು, ರೇಡಿಯಾಲಜಿಸ್ಟ್, ರೋಗವಿಜ್ಞಾನಿ ಒಟ್ಟಿಗೆ ಕೂತು ತೀರ್ಮಾನಿಸಬೇಕು ಎನ್ನುತ್ತದೆ. ಯಾವುದೋ ಒಂದು ರಿಪೋರ್ಟಿನ ಮೇಲೆ ಎಚ್‌ಪಿ ಎಂದು ಮುದ್ರೆ ಒತ್ತುವಂತಿಲ್ಲ.

ಇಷ್ಟೆಲ್ಲ ಮಾಡಿದರೂ ಬಹಳಷ್ಟು ರೋಗಿಗಳಲ್ಲಿ ಕಾರಣ ಸಿಗುವುದೇ ಇಲ್ಲ. ಅಮೆರಿಕದ ಡೆನ್ವರ್‌ನ ನ್ಯಾಷನಲ್ ಜ್ಯೂಯಿಷ್ ಹೆಲ್ತ್ ಆಸ್ಪತ್ರೆಯ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೀರ್ಘಕಾಲದ ಎಚ್‌ಪಿ ಇದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕಾರಣ ಪತ್ತೆಯಾಗಿರಲಿಲ್ಲ. ಪತ್ತೆಯಾದವರು ಆಗದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಈ ಒಂದು ಫಲಿತಾಂಶ ಸಾಕು, ರೋಗಿಯ ಜೊತೆ ಅರ್ಧ ಗಂಟೆ ಕೂತು ಮಾತಾಡುವುದನ್ನು ಸಮಯ ವ್ಯರ್ಥ ಎನ್ನುವವರಿಗೆ ಉತ್ತರ ಕೊಡಲು.

ಚಿಕಿತ್ಸೆಯಲ್ಲಿ ಮೊದಲನೆಯದು ಕಾರಣದಿಂದ ದೂರವಾಗುವುದು. ಉರಿಯೂತ ಹೆಚ್ಚಿದ್ದರೆ ಸ್ಟೀರಾಯ್ಡ್, ಬೇಕಾದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬೇರೆ ಔಷಧಿ. ನಾರುಗಟ್ಟುವುದು ಮುಂದುವರಿಯುತ್ತಿದ್ದರೆ ನಿಂಟೆಡಾನಿಬ್ ಅದರ ವೇಗ ತಗ್ಗಿಸುತ್ತದೆ, ಆದ ಹಾನಿಯನ್ನು ಅಳಿಸುವುದಿಲ್ಲ. ಸ್ಟೀರಾಯ್ಡ್ ನುಂಗುತ್ತ ಅದೇ ಬಣವೆಗೆ, ಅದೇ ಬಾಲ್ಕನಿಗೆ ಮರಳಿದರೆ ಮಾತ್ರೆಯ ಅಡ್ಡಪರಿಣಾಮಗಳಷ್ಟೇ ಉಳಿಯುತ್ತವೆ.

‘ದೂರವಾಗಿ’ ಎಂದು ಬರೆಯುವುದು ಸುಲಭ. ಗೋದಾಮಿನ ದಿನಗೂಲಿಯವರಿಗೆ ಅದು ಹೊಟ್ಟೆಯ ಪ್ರಶ್ನೆ. ಕಾನೂನು ಇದನ್ನು ಗುರುತಿಸಿಲ್ಲ ಎನ್ನುವಂತಿಲ್ಲ. 1923ರ ನೌಕರರ ಪರಿಹಾರ ಕಾಯ್ದೆ, 1948ರ ಇಎಸ್‌ಐ ಕಾಯ್ದೆ ಎರಡರ ಮೂರನೇ ಅನುಸೂಚಿಯಲ್ಲೂ ಬಗಾಸೋಸಿಸ್ ಇತ್ತು, ಸಾವಯವ ಧೂಳಿನಿಂದ ಬರುವ ಗಾಳಿಗೂಡಿನ ಅಲರ್ಜಿ ಉರಿಯೂತವೂ ಇತ್ತು. ಇವುಗಳನ್ನು ಒಗ್ಗೂಡಿಸಿದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಕಸುಬಿನ ಕಾಯಿಲೆಗಳ ಪಟ್ಟಿ ಇಟ್ಟುಕೊಂಡಿದೆ. ಪರಿಹಾರ ಕೇಳಬೇಕಾದರೆ ಕಾಯಿಲೆಗೂ ಕೆಲಸಕ್ಕೂ ನಂಟಿದೆ ಎಂಬುದು ವೈದ್ಯರ ಕಾಗದದಲ್ಲಿ ಬರೆದಿರಬೇಕು. ಕಸುಬಿನ ಜಾಗದಲ್ಲಿ ‘ಕೂಲಿ’ ಎಂದಷ್ಟೇ ಇರುವ ಕೇಸ್‌ಶೀಟ್ ಹಿಡಿದು ಯಾವ ಕಾರ್ಮಿಕನೂ ಈ ಕಾನೂನಿನ ಬಾಗಿಲು ತಟ್ಟಲಾರ.

ಮೂರು ವಾರ ದಾಟಿದ ಒಣಕೆಮ್ಮು, ನಡೆದರೆ ಏದುಸಿರು ಇದ್ದರೆ ಆಸ್ಪತ್ರೆಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಈಗಿನ ಕೆಲಸ, ಹಿಂದಿನ ಕೆಲಸಗಳು, ಅಲ್ಲಿ ಕೈಯಾಡಿಸುವ ವಸ್ತುಗಳು, ಮನೆಯ ಕೂಲರ್, ಹಕ್ಕಿ, ತೇವದ ಗೋಡೆ, ಯಾವಾಗ ಹೆಚ್ಚುತ್ತದೆ, ಎಲ್ಲಿಗೆ ಹೋದಾಗ ಇಳಿಯುತ್ತದೆ. ವೈದ್ಯರು ಕೇಳದಿದ್ದರೆ ನೀವೇ ಹೇಳಿ, ಕೇಸ್‌ಶೀಟಿನಲ್ಲಿ ಬರೆಯಿರಿ ಎಂದು ಒತ್ತಾಯಿಸಿ.